ಕಿಬ್ಬೊಟ್ಟೆ ಸ್ಕ್ಯಾನಿಂಗ್: ಆಕಸ್ಮಿಕ ಪತ್ತೆಗಳು

ಬೇರೊಂದು ಕಾರಣಕ್ಕೆ ಮಾಡಿದ ಕಿಬ್ಬೊಟ್ಟೆಯ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಅನಿರೀಕ್ಷಿತವಾಗಿ ಕಾಣುವ ರಚನೆ ಅಥವಾ ದೋಷ. ಮಹಿಳೆಯರಲ್ಲಿ ಹೆಚ್ಚಾಗಿ ಸಿಗುವವು ಅಂಡಾಶಯದ ಸಿಸ್ಟ್, ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆ. ಮುಟ್ಟು ನಿಲ್ಲದವರಲ್ಲಿ ತೆಳುಗೋಡೆಯ, ಬರಿಯ ದ್ರವ ತುಂಬಿದ, 5 ಸೆಂ.ಮೀ.ಗಿಂತ ಚಿಕ್ಕ ಸಿಸ್ಟ್ ಸಾಮಾನ್ಯವಾಗಿ ಕೆಲವು ಋತುಚಕ್ರಗಳಲ್ಲಿ ತಾನೇ ಕರಗುತ್ತದೆ. ವರದಿಯಲ್ಲಿ ‘ಸಿಸ್ಟ್’ ಎಂಬ ಪದ ಕಂಡೊಡನೆ ಗಾಬರಿಬೀಳಬೇಕಿಲ್ಲ. ಒಳಗೆ ಗಟ್ಟಿ ಭಾಗವಿದ್ದು ಅದರಲ್ಲಿ ರಕ್ತಸಂಚಾರ ಕಂಡರೆ ಮಾತು ಬೇರೆ. ಡರ್ಮಾಯ್ಡ್ ಸಿಸ್ಟ್‌ನಲ್ಲಿ ಕೊಬ್ಬು, ಕೂದಲು, ಕೆಲವೊಮ್ಮೆ ಹಲ್ಲೂ ಇರುತ್ತದೆ. ಕರುಳಿನ ಗಾಳಿಯೆಂದು ತೋರಿ ಕಣ್ತಪ್ಪುವುದೂ ಉಂಟು. ಇದಕ್ಕೆ ವ್ಯತಿರಿಕ್ತವಾಗಿ, ಭ್ರೂಣಾವಸ್ಥೆಯಲ್ಲಿ ಮೇಲಕ್ಕೇರದೆ ಕೆಳಗೇ ಉಳಿದ ಮೂತ್ರಪಿಂಡವನ್ನು ಗಡ್ಡೆಯೆಂದು ತಿಳಿದು ಶಸ್ತ್ರಕ್ರಿಯೆಗೆ ಇಳಿದರೆ ಅನಾಹುತವೇ ಸರಿ. ಗರ್ಭಕೋಶದ ಜನ್ಮಜಾತ ವಿಕಾರ ಕಂಡಾಗಲೂ ಎರಡೂ ಮೂತ್ರಪಿಂಡಗಳಿವೆಯೇ ಎಂದು ನೋಡುವುದು ವಾಡಿಕೆ, ಏಕೆಂದರೆ ಕೆಲವರಲ್ಲಿ ಒಂದು ಇರುವುದೇ ಇಲ್ಲ.

ಅಲ್ಟ್ರಾಸೌಂಡ್ ತಂತ್ರದ ಆರಂಭದ ದಿನಗಳಲ್ಲೇ ಇಂಥ ಅನಿರೀಕ್ಷಿತ ಪತ್ತೆಯ ಪ್ರಸಂಗವೊಂದಿದೆ. ಶಸ್ತ್ರಕ್ರಿಯೆಗೆ ಮೀರಿದ ಜಠರದ ಕ್ಯಾನ್ಸರ್ ಎಂದು ಭಾವಿಸಲಾಗಿದ್ದ ಮಹಿಳೆಯೊಬ್ಬಳಲ್ಲಿ ಗ್ಲಾಸ್ಗೋದ ಪ್ರಸೂತಿತಜ್ಞ ಇಯಾನ್ ಡೊನಾಲ್ಡ್ ಕಂಡದ್ದು ಅಂಡಾಶಯದ ಭಾರೀ ಸಿಸ್ಟ್. ಅದನ್ನು ತೆಗೆದ ಮೇಲೆ ಆಕೆ ಉಳಿದಳು. ಹೊಟ್ಟೆಯ ಗಡ್ಡೆಗಳ ಅಲ್ಟ್ರಾಸೌಂಡ್ ಪರೀಕ್ಷೆ ಕುರಿತು ಡೊನಾಲ್ಡ್ ಮತ್ತು ಸಂಗಡಿಗರ ಪ್ರಬಂಧ 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು.