ಲೈನ್ ಕ್ಲಿಯರ್

ನಮ್ಮ ಕಡೆ ಹೆಣ್ಣು ನೋಡಲು ಬಂದವರು ಒಪ್ಪಿ, ಕೊಡುವ ತರುವ ಮಾತೂ ಮುಗಿದರೆ, ಹಿರಿಯರು ಎಲೆ ಅಡಿಕೆ ತಟ್ಟೆ ಸರಿಸುತ್ತಾ "ಇನ್ನೇನ್ರೀ, ಲೈನ್ ಕ್ಲಿಯರ್ ಆತು" ಎನ್ನುವುದುಂಟು. ಎ ಬಿ ಸಿ ಕಲಿಯದ ನಮ್ಮಜ್ಜಿಯೂ ಹಾಗೇ ಅನ್ನುತ್ತಿದ್ದಳು. ಇದು ರೈಲಿನವರ ಮಾತೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಒಂಟಿ ಹಳಿಯ ಮೇಲೆ ಎರಡು ಗಾಡಿ ಎದುರುಬದುರು ಬರಬಾರದಲ್ಲ! ಅದಕ್ಕೆ ಸ್ಟೇಷನ್ ಮಾಸ್ತರರು ಮುಂದಿನ ಸ್ಟೇಷನ್ನಿನವರನ್ನು ಕೇಳಿ, ಹಾದಿ ಖಾಲಿ ಇದೆ ಎಂದು ಒಪ್ಪಿಗೆ ಪಡೆದ ಮೇಲೆಯೇ ಗಾಡಿ ಬಿಡಬೇಕು. ಆ ಒಪ್ಪಿಗೆಗೆ ಲೈನ್ ಕ್ಲಿಯರ್ ಎಂದು ಹೆಸರು.

ನಮ್ಮ ಭಾಗಕ್ಕೆ ಹಳಿ ಬಂದದ್ದು 1905ರಲ್ಲಿ, ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮೇಲೆ ಹಾದು ಕೊಟ್ಟೂರಿನವರೆಗೆ. ಆಗ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ನಾವು ಮೈಸೂರಿಗೆ ಸೇರಿದ್ದು 1953ರಲ್ಲಿ. ಹಳಿಯ ಅಗಲ ಒಂದೇ ಮೀಟರು. ಕೂಡ್ಲಿಗಿಗೂ ಹಡಗಲಿಗೂ ಅದು ಬರಲಿಲ್ಲ, ಹರಪನಹಳ್ಳಿಯನ್ನು ಮುಟ್ಟದೆ ಕೊಟ್ಟೂರಿನಲ್ಲೇ ನಿಂತಿತು. ಆದರೆ ಲೈನು ಎಂಬ ಮಾತು ಮಾತ್ರ ಎಲ್ಲೂ ನಿಲ್ಲದೆ ಅಡಿಗೆಮನೆಯವರೆಗೂ ಬಂತು.

ಲ್ಯಾಟಿನ್ನಿನಲ್ಲಿ ಅಗಸೆ ನಾರಿನ ದಾರಕ್ಕಿದ್ದ ಹೆಸರೇ ಇಂಗ್ಲಿಷಿನ ಈ ಶಬ್ದದ ಮೂಲವಂತೆ. ಹೊಲಿಗೆ ಬಲ್ಲ ನಮಗೆ ಇದು ಚೆನ್ನಾಗಿ ಹೊಂದುತ್ತದೆ. ಕನ್ನಡದಲ್ಲಿ ಎಳೆ ಬೇರೆ, ಗೆರೆ ಬೇರೆ, ಸಾಲು ಬೇರೆ, ತಂತಿ ಬೇರೆ, ಪಾಳಿ ಬೇರೆ. ಈಗ ಎಲ್ಲಕ್ಕೂ ಒಂದೇ ಶಬ್ದ. ನಲ್ಲಿಯ ಮುಂದೆ ಕೊಡಗಳ ಲೈನು, ಸೀಮೆಎಣ್ಣೆಗೆ ನಿಂತ ಲೈನು, ಕರೆಂಟು ಹೋದರೆ ಲೈನ್‌ಮನ್ನು, ಫೋನು ಸಿಗದಿದ್ದರೆ "ಲೈನ್ ಬಿಜಿ ಐತಿ". ಒಂದೇ ಗೋಡೆಗೆ ಅಂಟಿದ ಆರೇಳು ಮನೆ ಕಟ್ಟಿ ಬಾಡಿಗೆಗೆ ಕೊಟ್ಟರೆ ಲೈನ್ ಮನೆ. ನಾನು ಬಿ.ಎಡ್. ಮಾಡಿದಾಗ ನಮ್ಮ ಮಾವ "ಹೆಣ್ಮಕ್ಕಳಿಗೆ ಇದೇ ಚಲೋ ಲೈನು" ಎಂದಿದ್ದರು. ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರ ತಿಂಮನ ಕೈಗೆ ಈ ಶಬ್ದ ಸಿಕ್ಕಿದ್ದರೆ ಏನಾಗುತ್ತಿತ್ತೋ!

ಒಂದು ಅರ್ಥ ಮಾತ್ರ ನನಗೆ ಇಂದಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ. 1990ರ ದಶಕದಲ್ಲಿ ಕೊಟ್ಟೂರಿಗೆ ಪ್ರಯಾಣಿಕರ ಗಾಡಿ ನಿಂತಿತು. ಎಲ್ಲರಿಗೂ ಬಸ್ಸೇ ಗತಿಯಾಯಿತು. ನಮ್ಮ ಶಾಲೆಗೆ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿದ್ದಳು. ಲೆಕ್ಕದಲ್ಲಿ ಬಲು ಚುರುಕು. ಒಬ್ಬ ಹುಡುಗ ದಿನಾ ಅವಳ ಸೀಟಿಗೆ ಒತ್ತಿ ನಿಲ್ಲುತ್ತಿದ್ದ, ಇಳಿದರೆ ಹಿಂದೆ ಬರುತ್ತಿದ್ದ. ಗೆಳತಿಯರು ಬಂದು ನನಗೆ ಹೇಳಿದ್ದು ಎರಡೇ ಮಾತಿನಲ್ಲಿ: "ಟೀಚರ್, ಒಬ್ಬ ಆಕಿಗೆ ಲೈನ್ ಹೊಡಿತಾನ್ರೀ." ನಾನು ನಕ್ಕೆ. ಸಿನಿಮಾ ನೋಡಿ ಕಲಿತ ಮಾತು ಅನ್ನಿಸಿತ್ತು. ಹಿಂದೆ ಬೀಳುತ್ತಾನೆ, ಮೈಮೇಲೆ ಬರುತ್ತಾನೆ, ಅವಳು ಹೆದರಿದ್ದಾಳೆ ಎಂದು ನೇರವಾಗಿ ಹೇಳಿದ್ದರೆ ನಗುತ್ತಿರಲಿಲ್ಲ. ಹುಡುಗಾಟದ ಆ ಶಬ್ದ ಎಲ್ಲವನ್ನೂ ಮುಚ್ಚಿಬಿಟ್ಟಿತು. ಹದಿನೈದು ದಿನಕ್ಕೆ ಸುದ್ದಿ ಅವಳ ಮನೆ ಮುಟ್ಟಿತು. ಹೊಡೆದವನು ಅವನು, ಶಾಲೆ ಬಿಟ್ಟವಳು ಇವಳು. ನಾನು ಅವರ ಮನೆಗೆ ಹೋದೆ. ಅವಳ ತಾಯಿ ಚಹಾ ಕೊಟ್ಟು, "ನೀವು ಹೇಳೋದು ಖರೇ ಐತ್ರೀ ಅಕ್ಕಾರ, ನಾಳೆ ವರ ಸಿಗದಿದ್ರ ನೀವು ಬರ್ತೀರೇನ್ರೀ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನೊಂದು ಲೈನು ನಕಾಶೆಯದು. ಬೋರ್ಡಿನ ಮೇಲೆ ಜಿಲ್ಲೆಯ ಗೆರೆ ಎಳೆದು, ಒರೆಸಿ, ಮತ್ತೆ ಎಳೆದು ನನಗೆ ಸಾಕಾಗಿದೆ. 1997ರಲ್ಲಿ ಹರಪನಹಳ್ಳಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. 2013ರಲ್ಲಿ ಬಳ್ಳಾರಿಯೂ ಸೇರಿ ಆರು ಜಿಲ್ಲೆಗಳಿಗೆ 371(ಜೆ) ಬಂದು, ಕಾಲೇಜು ಸೀಟು ಮತ್ತು ಸರ್ಕಾರಿ ಕೆಲಸದಲ್ಲಿ ಮೀಸಲು ಸಿಕ್ಕಾಗ ಹರಪನಹಳ್ಳಿ ಗೆರೆಯ ಆಚೆಗಿತ್ತು. ಅದೇ ಬಿಸಿಲು, ಅದೇ ಜೋಳದ ರೊಟ್ಟಿ, ಆದರೆ ಅಲ್ಲಿನ ಮಕ್ಕಳಿಗೆ ಸೀಟಿಲ್ಲ. ಹೋರಾಟವಾಗಿ 2018ರಲ್ಲಿ ಅದನ್ನು ಬಳ್ಳಾರಿಗೆ ಮರಳಿಸುವ ತೀರ್ಮಾನವಾಯಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ನಮ್ಮ ಐದೂ ಊರುಗಳು ಒಂದೇ ಗೆರೆಯೊಳಗೆ ಬಂದವು.

ಅಷ್ಟರೊಳಗೆ ಹಳಿ ಅಗಲವಾಗಿ, ಹರಪನಹಳ್ಳಿಯ ಮೇಲೆ ಹಾದು ಹರಿಹರವನ್ನೂ ಮುಟ್ಟಿತ್ತು. 2019ರಲ್ಲಿ ಪ್ರಯಾಣಿಕರ ಗಾಡಿ ಮತ್ತೆ ಓಡಿತು. ಸ್ಟೇಷನ್ನಿನಲ್ಲಿ ಒಂದು ದಿನ "ಟೀಚರ್" ಎಂದು ಯಾರೋ ಕೂಗಿದರು. ಅವಳೇ. ಮಗಳನ್ನು ಹರಿಹರದ ಕಾಲೇಜಿಗೆ ಕರೆದುಕೊಂಡು ಹೊರಟಿದ್ದಳು. ಅಪ್ಲಿಕೇಷನ್ ಫಾರಂ ಕೊಟ್ಟು, "ಇಂಗ್ಲಿಷಿನ್ಯಾಗೈತ್ರೀ, ಸರಿ ಐತೇನು ನೋಡ್ರಿ" ಎಂದಳು. ನೋಡಿದೆ. ತಾಯಿಯ ಓದು ಎಂಬ ಕಡೆ ಹುಡುಗಿ ಏನೂ ಬರೆಯದೆ ಗೆರೆ ಎಳೆದಿದ್ದಳು. ಅವಳು ನನ್ನ ಪೆನ್ನು ಇಸಕೊಂಡು ಅದರ ಪಕ್ಕದಲ್ಲಿ "9" ಎಂದು ಬರೆದಳು. ಗಾಡಿ ಬಂತು.