ತಂಜಾವೂರಿನ ಶಾಸನಪಂಕ್ತಿಯ ದೀರ್ಘಚ್ಛಾಯಾಚಿತ್ರ

ಪ್ರಾಚೀನ ಲೇಖಗಳನ್ನು ಪ್ರತಿಮಾಡುವ ಕಾರ್ಯದಲ್ಲಿ ಎರಡು ಬಗೆಯ ತೊಡಕುಗಳುಂಟು. ಅಕ್ಷರಗಳು ಸವೆದಿರುವುದು ಒಂದು. ಇದನ್ನು ಎಲ್ಲರೂ ಬಲ್ಲರು. ಲೇಖವು ಒಂದು ನೋಟಕ್ಕೆ ಒಳಗಾಗದಷ್ಟು ಉದ್ದವಾಗಿರುವುದು ಮತ್ತೊಂದು; ಇದರ ವಿಚಾರವು ಅಷ್ಟಾಗಿ ನಡೆದಿಲ್ಲ. ನಿಲುಗಲ್ಲಿನ ಮೇಲಣ ಶಾಸನವು ನಿಂತಲ್ಲಿಯೇ ಓದಿಸಿಕೊಳ್ಳುವುದು. ದೇವಾಲಯದ ಅಧಿಷ್ಠಾನವನ್ನು ಬಳಸಿ ಹೋಗುವ ಶಾಸನವಾದರೋ ಓದುವವನಿಂದ ಪ್ರದಕ್ಷಿಣೆ ಮಾಡಿಸುವುದು. ಅಂಥ ಲೇಖವನ್ನು ಅದರ ನೆಲೆಯಿಂದ ಬೇರ್ಪಡಿಸದೆ, ಸಾಲು ಕಡಿಯದೆ, ಒಂದೇ ಪಟದಲ್ಲಿ ಇರಿಸುವ ಪ್ರಯತ್ನವೊಂದು 1858ರಲ್ಲಿ ತಂಜಾವೂರಿನಲ್ಲಿ ನಡೆಯಿತು. ಅದನ್ನು ನಡೆಸಿದವನು ಮದರಾಸು ಸೈನ್ಯದ ಒಬ್ಬ ಕ್ಯಾಪ್ಟನ್. ಅವನ ಸಾಧನವು ಒಂದು ದೊಡ್ಡ ಕ್ಯಾಮರಾ. ಛಾಯಾಚಿತ್ರಕಲೆಯ ಚರಿತ್ರೆಯಲ್ಲಿ ಈ ಕೃತಿಗೆ ಹೆಸರುಂಟು. ಶಾಸನಶೋಧನದ ಚರಿತ್ರೆಯಲ್ಲಿಯೂ ಇದಕ್ಕೆ ಸ್ಥಾನವುಂಟೆಂಬುದು ಇಲ್ಲಿಯ ಪ್ರತಿಪಾದ್ಯ ವಿಷಯ.

ಇಂಥ ದೀರ್ಘಚಿತ್ರಕ್ಕೆ ಇಂಗ್ಲಿಷಿನಲ್ಲಿ ಪ್ಯಾನೊರಾಮವೆಂದು ಹೆಸರು. 'ಎಲ್ಲ' ಎಂದೂ 'ನೋಟ' ಎಂದೂ ಅರ್ಥವುಳ್ಳ ಎರಡು ಗ್ರೀಕ್ ಪದಗಳ ಸಮಾಸವಿದು. ಐರ್ಲೆಂಡಿನಲ್ಲಿ ಹುಟ್ಟಿದ ರಾಬರ್ಟ್ ಬಾರ್ಕರ್ ಎಂಬ ಚಿತ್ರಗಾರನು 1787ರಲ್ಲಿ ಈ ಬಗೆಯ ಚಿತ್ರರಚನೆಗೆ ಸರಕಾರದಿಂದ ಹಕ್ಕುಪತ್ರವನ್ನು ಪಡೆದು, 1793ರಲ್ಲಿ ಲಂಡನ್ನಿನ ಲೆಸ್ಟರ್ ಚೌಕದಲ್ಲಿ ಅದಕ್ಕೆಂದೇ ದುಂಡಾದ ಮಂದಿರವೊಂದನ್ನು ತೆರೆದನು. ಈ ಕಲೆಯ ಆರಂಭದಲ್ಲಿಯೇ ಕನ್ನಡ ನಾಡಿನ ಸಂಬಂಧವೊಂದು ಕಂಡುಬರುವುದು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಬಿದ್ದಿತು. ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಚಿತ್ರಗಾರನು ಆ ಕೋಟೆಯ ಮುತ್ತಿಗೆಯನ್ನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಬರೆದು ಲಂಡನ್ನಿನಲ್ಲಿ ಪ್ರದರ್ಶಿಸಿದನು. ಜನರು ಗುಂಪುಗುಂಪಾಗಿ ಹೋಗಿ ನೋಡಿದರು. ಆದರೆ ಪೋರ್ಟರನು ಆಗ ಕಾವೇರಿಯನ್ನೂ ಕಂಡವನಲ್ಲ, ಕೋಟೆಯನ್ನೂ ಕಂಡವನಲ್ಲ. ಪರರ ಮಾತನ್ನು ಕೇಳಿ ಬರೆದ ಆ ಚಿತ್ರವು ಶಬ್ದಪ್ರಮಾಣದ ಮೇಲೆ ನಿಂತುದು. ದೀರ್ಘಚಿತ್ರವು ಪ್ರತ್ಯಕ್ಷಪ್ರಮಾಣಕ್ಕೆ ಬರಬೇಕಾದರೆ 1839ರಲ್ಲಿ ಲೋಕಕ್ಕೆ ಪ್ರಕಟವಾದ ಛಾಯಾಚಿತ್ರವಿದ್ಯೆಯನ್ನು ಕಾಯಬೇಕಾಯಿತು.

ಆ ವಿದ್ಯೆಯ ಮೊದಲ ಕಾಲದಲ್ಲಿ ಚಿಕ್ಕ ಚಿತ್ರವನ್ನು ತೆಗೆದು ಆಮೇಲೆ ಹಿಗ್ಗಿಸುವ ರೂಢಿ ಇರಲಿಲ್ಲ. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಒಂದರ ಮೇಲೊಂದನ್ನು ಒತ್ತಿಟ್ಟು ಬಿಸಿಲಿನಲ್ಲಿ ಪ್ರತಿಯೆತ್ತಬೇಕಾಗಿದ್ದಿತು. ಆದುದರಿಂದ ದೊಡ್ಡ ಚಿತ್ರ ಬೇಕಾದವನು ದೊಡ್ಡ ಕ್ಯಾಮರಾವನ್ನೇ ಹೊರಬೇಕು. ಕ್ಯಾಮರಾದ ಹಿಂಬದಿಯ ಮಸುಕುಗಾಜಿನ ಮೇಲೆ ಲೋಕವು ತಲೆಕೆಳಗಾಗಿ ತೋರುವುದು; ಕರಿಬಟ್ಟೆಯನ್ನು ಹೊದ್ದು ಅದನ್ನು ನೋಡಿ, ಗೆರೆಗಳು ಸ್ಫುಟವಾದ ಮೇಲೆ ಗಾಜಿನ ಸ್ಥಾನದಲ್ಲಿ ಬೆಳಕಿಗೆ ವಿಕಾರಹೊಂದುವ ಕಾಗದವನ್ನೋ ಫಲಕವನ್ನೋ ಇಡಬೇಕು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬವನು 1851ರಲ್ಲಿ ಪ್ರಕಟಿಸಿದ ಮೇಣಗಾಗದದ ವಿಧಾನವು ಬಿಸಿಲುನಾಡಿನ ಪ್ರವಾಸಿಗಳಿಗೆ ಅನುಕೂಲವಾಯಿತು. ಗಾಜಿನ ಫಲಕವನ್ನು ಒದ್ದೆಯಾಗಿರುವಾಗಲೇ ಬಳಸಿ, ಆ ಕ್ಷಣವೇ ಸಂಸ್ಕರಿಸಬೇಕಾಗಿದ್ದಿತು. ಮೇಣ ಹಿಡಿಸಿದ ಕಾಗದವನ್ನಾದರೋ ಕೆಲವು ದಿನ ಮುಂಚಿತವಾಗಿಯೇ ಸಿದ್ಧಮಾಡಿ ಇಟ್ಟುಕೊಳ್ಳಬಹುದಾಗಿದ್ದಿತು. ಅದಕ್ಕೆ ನಿಮಿಷಗಟ್ಟಲೆ ಬೆಳಕು ಬೇಕು. ಆದರೆ ಕಲ್ಲು ಅಲುಗುವುದಿಲ್ಲವಷ್ಟೆ.

ಒಂದು ಫಲಕದಲ್ಲಿ ಹಿಡಿಸದ ನೋಟವನ್ನು ಹಲವು ಫಲಕಗಳಲ್ಲಿ ಹಿಡಿದು ಜೋಡಿಸುವುದಕ್ಕೆ ಎರಡು ಮಾರ್ಗಗಳುಂಟು. ಕ್ಯಾಮರಾವನ್ನು ಒಂದೆಡೆ ನಿಲ್ಲಿಸಿ ತಿರುಗಿಸುತ್ತ ಹೋಗುವುದು ಮೊದಲನೆಯದು. ಎತ್ತರದಲ್ಲಿ ನಿಂತು ಊರನ್ನೋ ಬೆಟ್ಟದ ಸಾಲನ್ನೋ ತೆಗೆಯಲು ಇದು ತಕ್ಕುದು. ಬೆರ್ನ್‌ಹಾರ್ಟ್ ಹೋಲ್ಟರ್‌ಮನ್ ಎಂಬ ಧನಿಕನ ಆಶ್ರಯದಲ್ಲಿ ಚಾರ್ಲ್ಸ್ ಬೇಲಿಸ್ 1875ರಲ್ಲಿ ಸಿಡ್ನಿ ಪಟ್ಟಣವನ್ನೂ, ಎಡ್ವರ್ಡ್ ಮೈಬ್ರಿಜ್ 1878ರಲ್ಲಿ 13 ಫಲಕಗಳಲ್ಲಿ ಸಾನ್ ಫ್ರಾನ್ಸಿಸ್ಕೋ ಪಟ್ಟಣವನ್ನೂ ತೆಗೆದುದು ಹೀಗೆಯೇ. 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಸರ್ಕಟ್ ಎಂಬ ಕ್ಯಾಮರಾದಲ್ಲಿ ಯಂತ್ರವು ತಾನೇ ಸುತ್ತುತ್ತಿರುವಂತೆ ಒಳಗಣ ಉದ್ದವಾದ ಫಿಲ್ಮಿನ ಸುರುಳಿಯೂ ಸರಿಯುತ್ತಿದ್ದಿತು, ಜೋಡಣೆಯೇ ಬೇಡವಾಯಿತು. ಆದರೆ ಈ ಮಾರ್ಗದಲ್ಲಿ ಒಂದು ದೋಷವುಂಟು. ನೇರವಾದ ಗೋಡೆಯನ್ನು ಸುತ್ತುವ ಕ್ಯಾಮರಾದಿಂದ ತೆಗೆದರೆ ಎದುರಿನ ಭಾಗವು ದೊಡ್ಡದಾಗಿಯೂ ಎರಡು ಕೊನೆಗಳು ಕಿರಿದಾಗಿಯೂ ಕಂಡು, ಗೋಡೆಯೇ ಬಾಗಿದಂತೆ ತೋರುವುದು. ಎರಡನೆಯ ಮಾರ್ಗವು ಗೋಡೆಯಿಂದ ಒಂದೇ ದೂರದಲ್ಲಿ, ಒಂದೇ ಎತ್ತರದಲ್ಲಿ ಕ್ಯಾಮರಾವನ್ನು ಪಕ್ಕಕ್ಕೆ ಸರಿಸುತ್ತ ಹೋಗುವುದು. ಇದರಲ್ಲಿ ಮೊದಲ ಅಕ್ಷರಕ್ಕೂ ಕೊನೆಯ ಅಕ್ಷರಕ್ಕೂ ಒಂದೇ ಅಳತೆ. ಮೊದಲನೆಯದು ನೋಡುವವನ ಮಾರ್ಗ, ಎರಡನೆಯದು ಓದುವವನ ಮಾರ್ಗ ಎನ್ನಬಹುದು.

ತಂಜಾವೂರಿನಲ್ಲಿ ಈ ಎರಡನೆಯ ಮಾರ್ಗವನ್ನು ಹಿಡಿದವನು ಲಿನ್ನೇಯಸ್ ಟ್ರೈಪ್. ಇವನು 1822ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯವನ್ನು ಸೇರಿದವನು. ಭಾರತದಲ್ಲಿ ಇವನ ಛಾಯಾಚಿತ್ರಕಾರ್ಯವು ಕನ್ನಡ ನಾಡಿನಲ್ಲಿಯೇ ಮೊದಲಾದುದು ಸ್ಮರಣೀಯ. 1854ರ ಕೊನೆಯಲ್ಲಿ ಆಂಡ್ರೂ ನೀಲ್ ಎಂಬ ವೈದ್ಯನೊಡನೆ ಹಳೇಬೀಡು, ಬೇಲೂರುಗಳಿಗೆ ಹೋಗಿ ಹೊಯ್ಸಳ ದೇವಾಲಯಗಳನ್ನು ತೆಗೆದನು. ಹೊಯ್ಸಳೇಶ್ವರನ ಗುಡಿಯ ತಳಭಾಗದಲ್ಲಿ ಆನೆಗಳ ಸಾಲು, ಕುದುರೆಗಳ ಸಾಲು, ಪುರಾಣಕಥೆಗಳ ಸಾಲು ಒಂದರ ಮೇಲೊಂದು ಹರಿದಿರುವುದನ್ನು ಕಂಡವರಿಗೆ, ಆ ಶಿಲ್ಪವು ಚೌಕಟ್ಟಿನೊಳಗೆ ನಿಲ್ಲತಕ್ಕುದಲ್ಲವೆಂಬುದು ತಾನೇ ವಿದಿತವಾಗುವುದು. 1855ರ ಮದರಾಸು ಪ್ರದರ್ಶನದಲ್ಲಿ ಟ್ರೈಪನು ಇಟ್ಟ 68 ಚಿತ್ರಗಳಿಗೆ ಮೊದಲ ದರ್ಜೆಯ ಪದಕವು ದೊರೆಯಿತು. ಅದೇ ವರ್ಷ ಬರ್ಮಾದ ರಾಜಧಾನಿಗೆ ಹೋದ ನಿಯೋಗದೊಡನೆ ಅವನನ್ನು ಕಳುಹಿಸಲಾಯಿತು. ಆ ಪ್ರವಾಸದ 120 ಚಿತ್ರಗಳ ಪ್ರತಿಗಳು ಬೆಂಗಳೂರಿನಲ್ಲಿ ಸಿದ್ಧವಾದವು. ಬಳಿಕ ಮದರಾಸು ಸರಕಾರವು ಅವನನ್ನು ತನ್ನ ಛಾಯಾಚಿತ್ರಗಾರನನ್ನಾಗಿ ನಿಯಮಿಸಿತು. 1857ರ ಡಿಸೆಂಬರಿನಲ್ಲಿ ಹೊರಟು ಶ್ರೀರಂಗ, ತಿರುಚಿರಾಪಳ್ಳಿ, ಮಧುರೆ, ಪುದುಕ್ಕೋಟೆ, ತಂಜಾವೂರುಗಳನ್ನು ಅವನು ಸಂಚರಿಸಿದನು.

ತಂಜಾವೂರಿನ ಬೃಹದೀಶ್ವರಾಲಯವು ಚೋಳಚಕ್ರವರ್ತಿ ಒಂದನೆಯ ರಾಜರಾಜನ ಕೃತಿ. 1010ರ ಸುಮಾರಿಗೆ ಮುಗಿದುದು. ತಾನೂ ತನ್ನ ಅಕ್ಕನೂ ರಾಣಿಯರೂ ಇತರರೂ ಕೊಟ್ಟ ದತ್ತಿಗಳನ್ನು ಶ್ರೀವಿಮಾನದ ಕಲ್ಲಿನ ಮೇಲೆಯೇ ಕೆತ್ತಬೇಕೆಂದು ಆ ದೊರೆಯು ತನ್ನ ಆಳ್ವಿಕೆಯ 26ನೆಯ ವರ್ಷದಲ್ಲಿ ಅಪ್ಪಣೆಮಾಡಿದನು. ಚಿನ್ನಬೆಳ್ಳಿಗಳ ತೂಕ, ಗ್ರಾಮಗಳ ಆದಾಯ, ದೇವಾಲಯದ ಸೇವೆಗೆ ತಂದು ನೆಲೆಗೊಳಿಸಿದ 400 ಮಂದಿ ನರ್ತಕಿಯರ ಹೆಸರು ಮುಂತಾದುವೆಲ್ಲ ಅಲ್ಲಿ ದಾಖಲಾಗಿರುವುವು. ಹೀಗೆ ಆ ಅಧಿಷ್ಠಾನವು ಕಲ್ಲಿನ ಕಡತವೇ ಆಗಿದೆ. ಟ್ರೈಪನು ಅದರ ಮೇಲಣ ಲಿಪಿಪಂಕ್ತಿಯನ್ನು ತುಂಡುತುಂಡಾಗಿ ತೆಗೆದು, 21 ಚಿತ್ರಗಳನ್ನು ಒಂದಕ್ಕೊಂದು ಸೇರಿಸಿ, ಸುಮಾರು 19 ಅಡಿ ಉದ್ದದ ಒಂದೇ ಪಟವನ್ನಾಗಿ ಮಾಡಿದನು. ಈ ಶಾಸನಗಳ ಪಾಠವನ್ನು ಹುಲ್ಟ್ಶ್ ಪಂಡಿತನು ಮುದ್ರಿಸತೊಡಗಿದುದು 1891ರಲ್ಲಿ. ಓದುವವರು ಓದುವುದಕ್ಕೆ ಮೂವತ್ತಕ್ಕೂ ಹೆಚ್ಚು ವರ್ಷ ಮೊದಲೇ ಪ್ರತಿಯು ಸಿದ್ಧವಾಗಿದ್ದಿತೆಂಬುದನ್ನು ಗಮನಿಸಬೇಕು.

ಈ ಕಾರ್ಯದ ಕಷ್ಟವನ್ನು ಊಹಿಸುವುದು ಹಸ್ತಪ್ರತಿಗಳೊಡನೆ ಬಾಳಿದವರಿಗೆ ಸುಲಭ. ಕ್ಯಾಮರಾದ ಹಿಂಬದಿಯು ಗೋಡೆಗೆ ಸಮಾಂತರವಾಗಿರದೆ ಸ್ವಲ್ಪ ಓರೆಯಾದರೂ ಒಂದು ಪಕ್ಕದ ಅಕ್ಷರಗಳು ಕುಗ್ಗುವುವು. ದೂರವು ಗೇಣುದ್ದ ಹೆಚ್ಚಿದರೂ ಆ ತುಂಡಿನ ಸಾಲು ಪಕ್ಕದ ಸಾಲಿಗೆ ಕೂಡದು. ಕೆತ್ತನೆಯು ಕಾಣಬೇಕಾದರೆ ಬೆಳಕು ಓರೆಯಾಗಿ ಬೀಳಬೇಕು. ಗುಡಿಯ ಒಂದೊಂದು ಮೈಗೆ ಒಂದೊಂದು ಹೊತ್ತು. ಇನ್ನು ಜೋಡಣೆಯಲ್ಲಿ ಬರುವ ದೋಷಗಳು ಲಿಪಿಕಾರನ ದೋಷಗಳೇ ಆಗಿವೆ. ಎರಡು ಚಿತ್ರಗಳ ಅಂಚುಗಳ ನಡುವೆ ಸ್ವಲ್ಪ ಗೋಡೆಯು ಬಿಟ್ಟುಹೋದರೆ ಅದು ಗ್ರಂಥಪಾತ. ಎರಡರಲ್ಲಿಯೂ ಬಂದ ಭಾಗವನ್ನು ಕತ್ತರಿಸದೆ ಅಂಟಿಸಿದರೆ ಪುನರುಕ್ತಿ. ಹಾಳಾದ ಒಂದು ಫಲಕದ ಬದಲು ಬೇರೊಂದು ವೇಳೆಯಲ್ಲಿ ತೆಗೆದುದನ್ನು ಸೇರಿಸಿದರೆ ಪ್ರಕ್ಷೇಪ. ಈ ಕೊನೆಯದು ಕಲ್ಪನೆಯ ಮಾತಲ್ಲ. ಮೇಲೆ ಹೇಳಿದ ಮೈಬ್ರಿಜನ ಚಿತ್ರದಲ್ಲಿ ನಡುವಣ ಒಂದು ಫಲಕದ ನೆರಳುಗಳು ಅಕ್ಕಪಕ್ಕದವುಗಳಿಗೆ ಹೊಂದುವುದಿಲ್ಲ; ಅದನ್ನು ಆಮೇಲೆ ತೆಗೆದು ಸೇರಿಸಿದನೆಂದು ವಿಮರ್ಶಕರು ಇದರಿಂದಲೇ ನಿರ್ಣಯಿಸಿದರು. ಛಂದಸ್ಸು ಕೆಟ್ಟಲ್ಲಿ ಪ್ರಕ್ಷಿಪ್ತ ಪದ್ಯವು ಸಿಕ್ಕಿಬೀಳುವಂತೆ ಇಲ್ಲಿ ನೆರಳು ಸಾಕ್ಷಿ ನುಡಿಯಿತು.

ಟ್ರೈಪನ ಕಾರ್ಯವು ಹೆಚ್ಚು ಕಾಲ ನಡೆಯಲಿಲ್ಲ. 1859ರಲ್ಲಿ ಮದರಾಸಿನ ಗವರ್ನರಾಗಿ ಬಂದ ಚಾರ್ಲ್ಸ್ ಟ್ರೆವೆಲ್ಯನ್, ಬೊಕ್ಕಸದ ಸ್ಥಿತಿಗೆ ಇದು ಮಿತಿಮೀರಿದ ಭೋಗವೆಂದು ಬಗೆದು ನಿಲ್ಲಿಸಿದನು. ಆಮೇಲೆ ಟ್ರೈಪನು ಕ್ಯಾಮರಾವನ್ನು ಹಿಡಿದುದು ಅತ್ಯಲ್ಪ, 1902ರಲ್ಲಿ ತೀರಿಕೊಂಡನು. ಆದರೆ ಶಾಸನಗಳನ್ನು ಬೆಳಕಿನಿಂದ ಪ್ರತಿಮಾಡುವ ಪದ್ಧತಿಯು ನಿಲ್ಲಲಿಲ್ಲ. ಕನ್ನಡ ನಾಡಿನಲ್ಲಿಯೇ ಮುಂದುವರಿಯಿತು. ವಾಲ್ಟರ್ ಎಲಿಯಟ್ ಅದಕ್ಕೆ ಹಿಂದೆ ಕನ್ನಡ ಸೀಮೆಯ 595 ಶಾಸನಗಳನ್ನು ಕೈಬರಹದಲ್ಲಿ ಪ್ರತಿಮಾಡಿಸಿದ್ದನು; ಅಲ್ಲಿ ಪ್ರತಿಕಾರನ ಕಣ್ಣನ್ನೂ ಕೈಯನ್ನೂ ನಂಬಬೇಕಾಗಿದ್ದಿತು. 1865ರಲ್ಲಿ ಮೇಜರ್ ಡಿಕ್ಸನ್, ಕಮಿಷನರ್ ಬೌರಿಂಗರ ಅಪ್ಪಣೆಯಂತೆ ಮೈಸೂರು ಸೀಮೆಯ ಸುಮಾರು 150 ಶಾಸನಗಳನ್ನು ಛಾಯಾಚಿತ್ರಗಳಲ್ಲಿ ತೆಗೆದನು. ರೈಸರು 1879ರಲ್ಲಿ ಹೊರಡಿಸಿದ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಎಂಬ ಗ್ರಂಥಕ್ಕೆ ಅವು ಮೂಲಾಧಾರವಾದವು. ಫ್ಲೀಟರ 1878ರ ಸಂಗ್ರಹಕ್ಕೂ ಡಿಕ್ಸನ್, ನೀಲ್, ಪಿಗೌ, ಬಿಗ್ಸ್ ಇವರ ಛಾಯಾಚಿತ್ರಗಳೇ ಆಕರ. ಇವರಲ್ಲಿ ನೀಲನು ಹಳೇಬೀಡಿನಲ್ಲಿ ಟ್ರೈಪನ ಜೊತೆಗಾರನಾಗಿದ್ದವನೇ.

ಇಲ್ಲಿ ಒಂದು ಪೂರ್ವಪಕ್ಷವನ್ನು ಎತ್ತಬಹುದು. ಶಾಸನವನ್ನು ಓದುವುದಕ್ಕೆ ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಬಡಿದು, ಮಸಿ ಹಚ್ಚಿ ತೆಗೆಯುವ ಪಡಿಯಚ್ಚೇ ಉತ್ತಮವೆಂದು ಶಾಸನಜ್ಞರು ಒಪ್ಪಿಕೊಂಡಿರುವಾಗ, ದೀರ್ಘಚ್ಛಾಯಾಚಿತ್ರದಿಂದ ಆದ ಪ್ರಯೋಜನವೇನು? ಬೆಳಕು ಕೈಕೊಟ್ಟಲ್ಲಿ ಛಾಯಾಚಿತ್ರದ ಅಕ್ಷರವು ಕಾಣದು. ಪಡಿಯಚ್ಚು ಬೆಳಕನ್ನು ನೆಚ್ಚಿದುದಲ್ಲ. ಇದು ನಿಜ. ಪಾಠನಿರ್ಣಯದಲ್ಲಿ ಪಡಿಯಚ್ಚಿಗೇ ಪ್ರಾಶಸ್ತ್ಯ. ಆದರೆ ಪಡಿಯಚ್ಚು ಅಕ್ಷರವನ್ನು ಎತ್ತಿಕೊಂಡು ಬರುವಾಗ ಕಟ್ಟಡವನ್ನು ಅಲ್ಲಿಯೇ ಬಿಟ್ಟುಬರುವುದು. ಈ ಸಾಲು ಯಾವ ಪಟ್ಟಿಕೆಯ ಮೇಲಿತ್ತು, ಯಾವ ಕಂಬದ ಬಳಿ ಮುರಿಯಿತು, ಎಲ್ಲಿ ಕಲ್ಲು ಒಡೆದಿತ್ತು, ಎಲ್ಲಿ ಮುಂದುವರಿಯಿತು ಎಂಬುದನ್ನು ಅದು ಹೇಳಲಾರದು. ಕಲ್ಲುಗಳು ಸವೆಯುವುವು, ಜೀರ್ಣೋದ್ಧಾರದಲ್ಲಿ ಸ್ಥಾನಪಲ್ಲಟವಾಗುವುವು, ಸುಣ್ಣವನ್ನೂ ಗಾರೆಯನ್ನೂ ಬಳಿಸಿಕೊಳ್ಳುವುವು. ಆಗ ಒಂದು ನಿಶ್ಚಿತ ವರ್ಷದಲ್ಲಿ ಲೇಖವು ತನ್ನ ನೆಲೆಯಲ್ಲಿ ಹೇಗಿದ್ದಿತೆಂಬುದಕ್ಕೆ ಇಂಥ ಪಟವೊಂದೇ ಸಾಕ್ಷಿ. ಪಡಿಯಚ್ಚು ಶಬ್ದವನ್ನು ಕಾಪಾಡುವುದು. ದೀರ್ಘಚ್ಛಾಯಾಚಿತ್ರವು ಪ್ರಕರಣವನ್ನು ಕಾಪಾಡುವುದು. ಪ್ರಕರಣವನ್ನು ಬಿಟ್ಟು ಶಬ್ದಕ್ಕೆ ಅರ್ಥಹೇಳಿದವರು ತಪ್ಪಿದುದಕ್ಕೆ ಶಾಸ್ತ್ರಗಳಲ್ಲಿ ದೃಷ್ಟಾಂತಗಳ ಕೊರತೆಯಿಲ್ಲ.

2014ರಲ್ಲಿ ವಾಷಿಂಗ್ಟನ್ನಿನಲ್ಲಿಯೂ, 2015ರಲ್ಲಿ ನ್ಯೂಯಾರ್ಕ್, ಲಂಡನ್ ನಗರಗಳಲ್ಲಿಯೂ ಟ್ರೈಪನ ಚಿತ್ರಗಳ ಪ್ರದರ್ಶನವು ನಡೆದು, ಅವನ ಹೆಸರು ಮತ್ತೆ ಬೆಳಕಿಗೆ ಬಂದಿತು. ಈಗ ಅಂಗೈಯಗಲದ ಯಂತ್ರವೂ ಹಲವು ಚಿತ್ರಗಳನ್ನು ಕ್ಷಣಮಾತ್ರದಲ್ಲಿ ಗಣಿತದಿಂದ ಹೊಂದಿಸಿ ಒಂದನ್ನಾಗಿ ಮಾಡುವುದು. ಜೋಡಣೆಯ ಗೆರೆಗಳು ಕಣ್ಣಿಗೆ ಬೀಳುವುದಿಲ್ಲ. ಟ್ರೈಪನ ಪಟದಲ್ಲಾದರೋ ಅವನು ಎಲ್ಲೆಲ್ಲಿ ನಿಂತನೆಂಬುದನ್ನು ಸಂಧಿಗಳೇ ಹೇಳುವುವು. ಪರೀಕ್ಷಕನಿಗೆ ಅವು ಬೇಕಾದುವು. ಹಳೇಬೀಡಿನ ಭಿತ್ತಿಗಳಂತೆ ಸುತ್ತಿ ಹರಿಯುವ ಶಿಲ್ಪಪಂಕ್ತಿಗಳನ್ನೂ, ಗುಡಿಗಳ ಅಧಿಷ್ಠಾನಗಳ ಮೇಲೆ ಸಾಗುವ ಶಾಸನಗಳನ್ನೂ ಸಂಪಾದಿಸುವವರು ಪಾಠದೊಡನೆ, ಪಡಿಯಚ್ಚಿನೊಡನೆ, ಸಂಧಿಗಳನ್ನು ಗುರುತಿಸಿದ ಇಂಥ ದೀರ್ಘಚಿತ್ರವೊಂದನ್ನೂ ಇಡುವುದು ಯುಕ್ತ. ತಂಜಾವೂರಿನ ಆ 19 ಅಡಿಯ ಪಟವು ಇದಕ್ಕೆ ಹಾಕಿಕೊಟ್ಟ ಮೇಲ್ಪಂಕ್ತಿಯಾಗಿದೆ.