ಶಿರಿಯ ಹೊಳೆಯ ಕಟ್ಟವೂ ಮೀನಿನ ಪಂಚಾಂಗವೂ

ಪುತ್ತಿಗೆಯೆಂದೊಡನೆ ಕನ್ನಡ ವಾಚಕರಲ್ಲಿ ಬಹುಮಂದಿಗೆ ಉಡುಪಿಯ ಅಷ್ಟಮಠಗಳಲ್ಲೊಂದು ನೆನಪಾಗುವುದು. ತುಳುನಾಡಿನ ಇತಿಹಾಸವನ್ನು ಬಲ್ಲವರಿಗೆ ಮೂಡುಬಿದಿರೆಯ ಸಮೀಪದ ಚೌಟ ಅರಸರ ಪುತ್ತಿಗೆ ನೆನಪಾದೀತು. ಇಲ್ಲಿ ಹೇಳಹೊರಟಿರುವುದು ಇವೆರಡನ್ನೂ ಅಲ್ಲ. ಕುಂಬಳೆಯಿಂದ ಸೀತಾಂಗೋಳಿಯ ಮಾರ್ಗವಾಗಿ ಒಳನಾಡಿಗೆ ಸಾಗಿದರೆ ಸಿಗುವ, ಅಡಿಕೆ ತೋಟಗಳಿಗೂ ಮುರಕಲ್ಲಿನ ಬೋಳುಗುಡ್ಡೆಗಳಿಗೂ ನಡುವೆ ಹರಡಿಕೊಂಡಿರುವ, 1956ನೆಯ ನವೆಂಬರ್ 1ರ ತನಕ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿಗೆ ಸೇರಿದ್ದು ಅನಂತರ ಕೇರಳದ ಪಾಲಿಗೆ ಬಂದ ಪುತ್ತಿಗೆಯೇ ಈ ಬರಹದ ವಿಷಯ. ಕಡಲು ಅಲ್ಲಿಗೆ ಎರಡು ಮೂರು ಹರದಾರಿಗಿಂತ ದೂರವಿಲ್ಲ; ಆದರೂ ಅದು ಕಡಲ ಊರಲ್ಲ, ಹೊಳೆಯ ಊರು. ಕರ್ನಾಟಕದ ಕಡೆಯ ಆನೆಗುಂಡಿ ಕಾಡಿನಲ್ಲಿ ಹುಟ್ಟಿ, 67 ಕಿಲೋಮೀಟರು ಹರಿದು, ಕುಂಬಳೆಯ ಉತ್ತರಕ್ಕೆ ಅಳಿವೆಯನ್ನು ಸೇರುವ ಶಿರಿಯ ಹೊಳೆಯು ಈ ಗ್ರಾಮಗಳ ಅನ್ನವನ್ನೂ ಮೀನನ್ನೂ ಶತಮಾನಗಳ ಕಾಲ ಒಂದೇ ಲೆಕ್ಕದಲ್ಲಿ ನಡೆಸಿಕೊಂಡು ಬಂದಿತು.

ಈ ಸೀಮೆಯ ಅನ್ನದ ಕಥೆ ಹೊರಲೋಕಕ್ಕೆ ತಿಳಿದದ್ದು ಬಹಳ ಹಿಂದೆ. ಸುಮಾರು 1516ರಲ್ಲಿ ತನ್ನ ಪ್ರವಾಸವೃತ್ತಾಂತವನ್ನು ಬರೆದ ಪೋರ್ತುಗೀಸನಾದ ದುವಾರ್ತೆ ಬಾರ್ಬೋಸನು, ಕುಂಬಳೆಯ ಬಂದರಿನಿಂದ ಕೀಳುತರದ ಕರಿಯ ಅಕ್ಕಿಯು ಮಾಲ್ದೀವಿನ ದ್ವೀಪಗಳಿಗೆ ಹೋಗಿ, ಅದಕ್ಕೆ ಪ್ರತಿಯಾಗಿ ತೆಂಗಿನ ನಾರಿನ ಹುರಿ ಬರುತ್ತಿದ್ದುದನ್ನು ಗುರುತಿಸಿದ್ದಾನೆ. ಬಾರ್ಬೋಸನು ಆ ಅಕ್ಕಿಯನ್ನು ಹಳಿದನೇ ಹೊರತು, ಅದನ್ನು ಬೆಳೆದ ಬಯಲುಗಳನ್ನು ನೋಡಲು ಒಳನಾಡಿಗೆ ಬಂದವನಲ್ಲ. ಬಂದಿದ್ದರೆ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳನ್ನು ಒಂದೇ ಬಯಲಿನಿಂದ ಎತ್ತುತ್ತಿದ್ದ ಕೃಷಿಕರ ಜಾಣ್ಮೆಗೆ ಒಂದು ಮಾತನ್ನಾದರೂ ಮೀಸಲಿಡುತ್ತಿದ್ದನೇನೋ. ಬಂದರಿನ ಕಡೆಯಿಂದ ಬೂತಾಯಿ, ಬಂಗುಡೆಗಳ ಬುಟ್ಟಿಯನ್ನು ಹೊತ್ತು ಗುಡ್ಡೆ ಹತ್ತಿ ಬರುತ್ತಿದ್ದ ಮೊಗವೀರ ಸ್ತ್ರೀಯರೂ, ಅನಂತರದ ಕಾಲದಲ್ಲಿ ಸೈಕಲ್ಲಿಗೆ ಪೆಟ್ಟಿಗೆ ಕಟ್ಟಿ ಹಾರನ್ನು ಒತ್ತುತ್ತ ಬಂದ ಬ್ಯಾರಿಗಳೂ ಈ ಬಯಲುಗಳನ್ನು ಕಡಲಿಗೆ ಜೋಡಿಸಿದವರು. ಆದರೆ ಮಳೆಗಾಲದ ತಿಂಗಳುಗಳಲ್ಲಿ ಕಡಲು ಮುಚ್ಚಿದಾಗ ಒಳನಾಡಿಗೆ ಒದಗಿಬರುತ್ತಿದ್ದುದು ಹೊಳೆಯ ಮೀನೇ.

ಹೊಳೆಯ ಮೀನೆಂಬುದು ವಿಚಿತ್ರವಾದ ಸಂಪತ್ತು. ವರ್ಷದ ಬಹುಭಾಗ ಕಯಗಳೆಂಬ ಆಳದ ಮಡುಗಳಲ್ಲಿ ಅಡಗಿರುವ ಮುಗುಡು ಮೊದಲಾದ ಮೀನುಗಳು, ಕಾರ್ತೆಲು ತಿಂಗಳ ಮೊದಲ ಜಡಿಮಳೆಗೆ ಹೊಳೆ ಕೆಂಪಾದೊಡನೆ, ಹೊಸನೀರಿನ ವಾಸನೆ ಹಿಡಿದು ತೋಡುಗಳನ್ನೂ, ತೋಡಿನಿಂದ ಗದ್ದೆಯ ಕಟ್ಟಹುಣಿಯ ಸಂದುಗಳನ್ನೂ ಏರತೊಡಗುತ್ತವೆ. ಮೊಟ್ಟೆಯಿಡುವುದಕ್ಕೆ ಅವುಗಳಿಗೆ ಬೇಕಾದುದು ಗದ್ದೆಯ ಆಳವಿಲ್ಲದ ಬೆಚ್ಚನೆಯ ನೀರು. ಮೀನಿನ ಈ ಏರುವಿಕೆಯನ್ನು ತುಳುವರು ಉಬರ್ ಎಂದು ಕರೆಯುತ್ತಾರೆ. ತೆಂಕಣ ಮಲಯಾಳಿಗಳು ಊತ್ತ ಎನ್ನುತ್ತಾರೆ. ರಾತ್ರಿಯಲ್ಲಿ ತೆಂಗಿನ ಗರಿಯ ಸೂಟೆ ಹಿಡಿದು, ಮೊಣಕಾಲುದ್ದದ ನೀರಿನಲ್ಲಿ ಸದ್ದಿಲ್ಲದೆ ನಡೆದು, ಬೆಳಕಿಗೆ ಬೆರಗಾಗಿ ನಿಂತ ಮೀನನ್ನು ಕತ್ತಿಯಿಂದ ಕಡಿದು ಬುಟ್ಟಿಗೆ ಹಾಕುವ ಆ ಬೇಟೆಯ ರುಚಿಯನ್ನು ಒಮ್ಮೆ ಕಂಡವರು ಮರೆಯಲಾರರು. ಕಡಿದ ಮೀನಿನ ಹೊಟ್ಟೆಯಲ್ಲಿ ತುಂಬಿದ್ದುದು ಮೊಟ್ಟೆಯೆಂಬುದೂ, ಅದನ್ನು ಪ್ರತ್ಯೇಕವಾಗಿ ಹುರಿದು ತಿನ್ನುವ ಪದ್ಧತಿಯಿತ್ತೆಂಬುದೂ ಇಲ್ಲಿ ಮುಚ್ಚಿಡಬೇಕಾದ ಸಂಗತಿಯಲ್ಲ. ನಮ್ಮ ಹಿರಿಯರು ಪ್ರಕೃತಿಯ ವಿಷಯದಲ್ಲಿ ಸರ್ವಜ್ಞರಾಗಿದ್ದರೆಂದು ಬರೆಯುವ ಚಾಪಲ್ಯ ಈಚೆಗೆ ಹೆಚ್ಚುತ್ತಿದೆ. ಅವರು ಹಿಡಿದರು, ಹೊಟ್ಟೆತುಂಬ ತಿಂದರು. ಆದರೆ ಕೈಯಲ್ಲಿದ್ದ ಕತ್ತಿಗೂ ಸೂಟೆಗೂ ಒಂದು ಮಿತಿಯಿದ್ದಿತು, ಬೆಟರಿಗೂ ವಿದ್ಯುತ್ತಿಗೂ ಆ ಮಿತಿಯಿಲ್ಲ.

ಮಿತಿ ತಪ್ಪಿದ ಪ್ರಸಂಗಗಳು ಅಂದೂ ಇದ್ದವು. ಕಾರೆಕಾಯಿಯೇ ಮೊದಲಾದ ವಿಷದ ಕಾಯಿಗಳನ್ನು ಜಜ್ಜಿ ಬೇಸಗೆಯ ಕಯಕ್ಕೆ ಸುರಿದು, ಮೀನುಗಳು ಅಮಲೇರಿ ಮೇಲೆ ತೇಲಿದಾಗ ಬಾಚಿಕೊಳ್ಳುವ ಕ್ರಮವು ದಕ್ಷಿಣ ಕನ್ನಡದ ಹೊಳೆಗಳಲ್ಲಿ ಪ್ರಚಲಿತವಾಗಿತ್ತು. ಇದನ್ನು ಆಡಳಿತದ ಪ್ರಶ್ನೆಯನ್ನಾಗಿ ಎತ್ತಿದವನು ಈ ಜಿಲ್ಲೆಯ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್. ಗಾಳ ಹಾಕುವುದರಲ್ಲಿ ಅತ್ಯಾಸಕ್ತನಾಗಿದ್ದ ಈ ಆಂಗ್ಲ ಅಧಿಕಾರಿಯು ದಕ್ಷಿಣ ಕನ್ನಡದ ಮತ್ಸ್ಯಸಂವರ್ಧನವನ್ನು ಕುರಿತ ತನ್ನ ವರದಿಯನ್ನು 1870ರಲ್ಲಿ ಪ್ರಕಟಿಸಿ, ವಿಷಪ್ರಯೋಗದಿಂದಲೂ ಸಣ್ಣ ಕಣ್ಣಿನ ಬಲೆಗಳಿಂದಲೂ ಮರಿಗಳು ನಾಶವಾಗಿ ಹೊಳೆಗಳು ಬರಿದಾಗುತ್ತಿವೆಯೆಂದು ವಾದಿಸಿದನು. ಫ್ರಾನ್ಸಿಸ್ ಡೇ ಎಂಬ ವೈದ್ಯ-ವಿಜ್ಞಾನಿಯು ಭಾರತದ ಸಿಹಿನೀರಿನ ಮೀನುಗಾರಿಕೆಯ ಮೇಲೆ 1873ರಲ್ಲಿ ಸಲ್ಲಿಸಿದ ವರದಿಯೂ ಇದೇ ದಿಕ್ಕಿನದು. ಇಷ್ಟಾದ ಮೇಲೂ ಕಾಯಿದೆ ಹುಟ್ಟಲು ಕಾಲು ಶತಮಾನ ಹಿಡಿಯಿತು. ಸಿಡಿಮದ್ದನ್ನೂ ವಿಷವನ್ನೂ ನಿಷೇಧಿಸಿದ ಭಾರತೀಯ ಮೀನುಗಾರಿಕೆ ಅಧಿನಿಯಮವು ಬಂದದ್ದು 1897ರಲ್ಲಿ. ಥಾಮಸನ ದೃಷ್ಟಿಯಲ್ಲಿ ಹೊಳೆಯು ಸರಕಾರ ಕಾಯಬೇಕಾದ ವಸ್ತು. ಊರವರೂ ಕಾಯಬಲ್ಲರೆಂಬ ವಿಶ್ವಾಸ ಅಂದಿನ ಅಧಿಕಾರಿವರ್ಗಕ್ಕೆ ಇದ್ದಂತೆ ತೋರುವುದಿಲ್ಲ.

ಊರವರು ಕಾಯುತ್ತಿದ್ದ ರೀತಿಯಾದರೋ ಕಾಯಿದೆಯದಲ್ಲ, ಪಂಚಾಂಗದ್ದು. ಇದಕ್ಕೆ ಇಂದಿಗೂ ಜೀವಂತವಾಗಿರುವ ಸಾಕ್ಷಿ ಪುತ್ತಿಗೆಯಿಂದ ಬಡಗಣಕ್ಕೆ, ಸುರತ್ಕಲ್ಲಿನ ಬಳಿಯ ಚೇಳಾಯ್ರಿನಲ್ಲಿ ನಂದಿನಿ ನದಿಯ ದಡದ ಖಂಡಿಗೆಯ ಧರ್ಮರಸು ಉಳ್ಳಾಯ ದೈವಸ್ಥಾನದಲ್ಲಿದೆ. ಎರ್ಮಾಳಿನ ಉತ್ಸವದಿಂದ ಮೊದಲ್ಗೊಂಡ ತುಳುನಾಡಿನ ಜಾತ್ರೆಗಳ ಋತುವು ಖಂಡೇವಿನಲ್ಲಿ, ಎಂದರೆ ಈ ಖಂಡಿಗೆಯಲ್ಲಿ, ಮುಗಿಯುವುದೆಂಬ ಅರ್ಥದ 'ಎರ್ಮಾಳು ಜಪ್ಪು, ಖಂಡೇವು ಅಡೆಪು' ಎಂಬ ಗಾದೆ ಎಲ್ಲರ ಬಾಯಲ್ಲಿರುವುದಷ್ಟೆ. ಮೇ ತಿಂಗಳ ಮಧ್ಯದಲ್ಲಿ, ವೃಷಭ ಸಂಕ್ರಮಣದ ಆ ಜಾತ್ರೆಯ ವಿಶೇಷವು ರಥವಲ್ಲ, ಮೀನು. ದೈವದ ಪ್ರಸಾದವನ್ನು ನದಿಗೆ ಅರ್ಪಿಸಿ, ಕದಿನವೆಂಬ ಸಿಡಿಮದ್ದು ಸಿಡಿದ ಬಳಿಕವೇ ಜನರು ನೀರಿಗೆ ಇಳಿಯತಕ್ಕದ್ದು. ಅಲ್ಲಿಯ ತನಕ ಎರಡು ದಡಗಳಲ್ಲಿಯೂ ಬಲೆಗಳನ್ನು ಹೆಗಲ ಮೇಲೆ ಹೊತ್ತು, ಒಬ್ಬರ ಮುಖವನ್ನೊಬ್ಬರು ನೋಡುತ್ತ ನಿಂತಿರುತ್ತಾರೆ. ಸದ್ದಾದ ಕ್ಷಣದಲ್ಲಿ ನೂರಾರು ಬಲೆಗಳು ಒಮ್ಮೆಲೇ ನೀರಿಗೆ ಬೀಳುವುವು. ಬಲೆಯಿಲ್ಲದವರು ಕೈಯಿಂದಲೇ ಕೆಸರನ್ನು ತಡವುವರು. ಜಾತಿಮತಗಳ ತಾರತಮ್ಯವಿಲ್ಲದೆ ಜನರು ಸೇರುವ ಈ ಜಾತ್ರೆಯಲ್ಲಿ ಸಿಕ್ಕ ಮೀನು ಪ್ರಸಾದವೆಂದೇ ಎಣಿಕೆ. ಆ ಮಧ್ಯಾಹ್ನ ಸುತ್ತಲಿನ ಮನೆಗಳಲ್ಲಿ ನೆಂಟರಿಗೆ ಬಡಿಸುವುದು ಅದರ ಸಾರನ್ನೇ.

ಜೀವಶಾಸ್ತ್ರಜ್ಞನು ಇಲ್ಲೊಂದು ಆಕ್ಷೇಪವನ್ನು ಎತ್ತಬಹುದು: ಮಳೆಗೆ ಮೂರು ವಾರ ಮುಂಚೆ, ಮೀನು ಮೊಟ್ಟೆ ಕಟ್ಟುವ ಸಮಯದಲ್ಲಿ ಹಿಡಿಯುವುದು ವಿವೇಕವೇ? ಆಕ್ಷೇಪ ಸಾಧುವಾದುದೇ. ಆದರೆ ನದಿಯ ಒಂದು ತುಣುಕು, ವರ್ಷದ ಒಂದು ದಿನ, ಅದೂ ಇಡೀ ಊರಿನ ಕಣ್ಣೆದುರಿನಲ್ಲಿ ಎಂಬ ನಿಯಮವಿರುವಲ್ಲಿ ಕಳ್ಳತನಕ್ಕೂ ದುರಾಶೆಗೂ ಎಡೆ ಕಡಿಮೆಯೆಂಬುದನ್ನು ಆತನೂ ಒಪ್ಪದಿರಲಾರನು. ಜಾತ್ರೆ ಕಳೆದು ಹತ್ತು ದಿನಕ್ಕೆ, ಬೇಶ ತಿಂಗಳ ಹತ್ತರಂದು ಪತ್ತನಾಜೆ. ಅಂದಿಗೆ ಕೋಲ, ಯಕ್ಷಗಾನ, ಉತ್ಸವಗಳೆಲ್ಲ ನಿಂತು ನಾಡು ಬೇಸಾಯಕ್ಕೆ ತಿರುಗುತ್ತದೆ. ಖಂಡಿಗೆಯ ನಿಜವಾದ ಆಪತ್ತು ಜಾತ್ರೆಯಿಂದ ಬಂದುದಲ್ಲ, ಅಲ್ಲಿಯ ಜನ ವರ್ಷಗಳಿಂದ ದೂರುತ್ತಿರುವಂತೆ, ನಂದಿನಿಗೆ ಸೇರುತ್ತಿರುವ ನಗರದ ಕೊಳಚೆನೀರಿನಿಂದ ಬಂದುದು.

ಪುತ್ತಿಗೆಯ ಸುತ್ತಣ ಸೀಮೆಗೆ ಖಂಡಿಗೆಯಂಥ ಪ್ರಸಿದ್ಧಿಯ ಜಾತ್ರೆಯಿಲ್ಲ. ಇಲ್ಲಿ ಇದ್ದುದು ಕಟ್ಟ. ವೃಶ್ಚಿಕ ಮಾಸದ ಹೊತ್ತಿಗೆ ತೋಡಿನ ಸೆಳೆತ ಇಳಿದಾಗ, ಅದರಿಂದ ನೀರು ಪಡೆಯುವ ಮನೆಗಳವರೆಲ್ಲ ಸೇರಿ, ಕಾಡುಕಲ್ಲುಗಳನ್ನು ಎರಡು ಸಾಲಾಗಿ ಪೇರಿಸಿ, ನಡುವೆ ಮಣ್ಣು ತುಂಬಿ ಮೆಟ್ಟಿ, ಸಂದುಗಳಿಗೆ ಸೊಪ್ಪು ಬೈಹುಲ್ಲುಗಳನ್ನು ತುರುಕಿ, ಅಡಿಕೆಮರದ ಆಧಾರ ಕೊಟ್ಟು ನಿಲ್ಲಿಸುತ್ತಿದ್ದ ಒಂದು ಋತುವಿನ ಅಣೆ ಅದು. ಖರ್ಚನ್ನೂ ಆಳನ್ನೂ ತೋಟದ ವಿಸ್ತೀರ್ಣಕ್ಕೆ ತಕ್ಕಂತೆ ಹಂಚಿಕೊಳ್ಳುವರು. ಒಂದೇ ತೋಡಿಗೆ ಮೇಲಿನಿಂದ ಕೆಳಗಿನವರೆಗೆ ಕಟ್ಟಗಳ ಸರಣಿಯೇ ಇರುತ್ತಿದ್ದುದರಿಂದ, ಮೇಲಿನ ಕಟ್ಟದಿಂದ ಇಂಗಿ ಜಿನುಗಿದ ನೀರು ಕೆಳಗಿನವನ ಪಾಲಿಗೆ ಸಿಗುತ್ತಿತ್ತು. ಬಾವಿಗಳು ಬೇಸಗೆಯಲ್ಲಿಯೂ ತುಂಬಿರುತ್ತಿದ್ದುವು. ನೀರಾವರಿಯ ದೃಷ್ಟಿಯಿಂದ ಇದನ್ನು ಹಲವರು ಕೊಂಡಾಡಿದ್ದಾರೆ; ಕಾಸರಗೋಡಿನ ಪಡ್ರೆ ಎಂಬ ಊರಿನವರೇ ಆದ ಪತ್ರಕರ್ತ ಶ್ರೀ ಪಡ್ರೆಯವರ ಲೇಖನಗಳು ಅವುಗಳಲ್ಲಿ ಮುಖ್ಯ. ಆದರೆ ಮೀನಿನ ದೃಷ್ಟಿಯಿಂದ ಕಟ್ಟದ ಶ್ರೇಷ್ಠತೆ ಇರುವುದು ಅದರ ನಶ್ವರತೆಯಲ್ಲಿ. ಬೇಸಗೆಯಲ್ಲಿ ಮೀನಿಗೆ ತಂಗಲು ಆಳದ ಕಯವನ್ನು ಒದಗಿಸಿದ ಅದೇ ಕಟ್ಟವು ಮೊದಲ ನೆರೆಗೆ ಕೊಚ್ಚಿಹೋಗಿ, ಉಬರ್ ಏರುವ ದಿನಕ್ಕೆ ಸರಿಯಾಗಿ ತೋಡನ್ನು ಬಯಲಿನವರೆಗೆ ತೆರೆದು ಕೊಡುತ್ತಿತ್ತು. ಇದನ್ನು ಯಾರೂ ಯೋಚಿಸಿ ಮಾಡಿದರೆನ್ನಲಾಗದು. ಆದರೂ ಫಲ ಒಳ್ಳೆಯದಾಯಿತು.

ಕೊಳವೆಬಾವಿಯ ಯುಗ ಬಂದು ನೆರೆಮನೆಯವನ ಹಂಗು ತಪ್ಪಿದಂದಿನಿಂದ ಕಟ್ಟಗಳು ಕ್ರಮಕ್ರಮವಾಗಿ ಇಲ್ಲವಾದುವು. ಗದ್ದೆಗಳು ಅಡಿಕೆ ತೋಟಗಳಾಗಿ, ಮೀನು ಏರಬೇಕಾದ ಬಯಲೇ ಇಲ್ಲದಾಯಿತು. ಹೊಳೆಯ ಮೇಲ್ಭಾಗದ ಎಣ್ಮಕಜೆಯ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದುದರ ಕಥೆ ಲೋಕಕ್ಕೆಲ್ಲ ತಿಳಿದಿದೆ. ಮನುಷ್ಯರ ಸಂಕಟ ಪತ್ರಿಕೆಗಳಿಗೆ ಬರುವ ಮುನ್ನವೇ ತೋಡುಗಳಲ್ಲಿ ಮೀನು, ಕಪ್ಪೆಗಳು ಸತ್ತುದನ್ನು ಅಲ್ಲಿಯ ಜನ ಕಂಡಿದ್ದರು. ಥಾಮಸನ ಕಾಲದ ಕಾರೆಕಾಯಿ ಇದರ ಮುಂದೆ ಹಸುಳೆಯ ಆಟ.

ಕಡಲಿನ ಕಥೆಯೂ ಭಿನ್ನವಲ್ಲ. ನೂಲಹುಣ್ಣಿಮೆಯ ದಿನ ಸಮುದ್ರಕ್ಕೆ ಹಾಲು, ತೆಂಗಿನಕಾಯಿಗಳನ್ನು ಅರ್ಪಿಸಿ ದೋಣಿಗಳನ್ನಿಳಿಸುವ ಮೊಗವೀರರ ಸಮುದ್ರಪೂಜೆಯಾಗಲಿ, ತೆಂಕಣ ಕಡಲೂರುಗಳಲ್ಲಿ ಭಗವತೀಕ್ಷೇತ್ರಗಳ ಅಂಗಳದಲ್ಲಿ ಮೀನುಗಾರರ ವ್ಯಾಜ್ಯಗಳನ್ನು ತೀರಿಸುತ್ತಿದ್ದ ಕಡಕ್ಕೋಡಿಯೆಂಬ ಕಡಲನ್ಯಾಯಾಲಯವಾಗಲಿ, ಕಡಲಿಗೂ ಕಟ್ಟಳೆಯುಂಟೆಂದು ಸಾರುತ್ತಿದ್ದ ಸಂಸ್ಥೆಗಳೇ. ಇಂದು ತಲಪಾಡಿಯ ಗಡಿಯ ಉತ್ತರಕ್ಕೆ ಯಾಂತ್ರಿಕ ದೋಣಿಗಳ ಮಳೆಗಾಲದ ರಜೆ ಜೂನ್ 1ರಿಂದ 61 ದಿನ. ದಕ್ಷಿಣಕ್ಕೆ ಜೂನ್ 9ರ ನಡುರಾತ್ರಿಯಿಂದ 52 ದಿನ. ಗಡಿಯ ಅರಿವಿಲ್ಲದ ಬಂಗುಡೆಯ ಪಾಡೇನು ಎಂದು ಕೇಳುವವರಿಲ್ಲ.

ಒಣಮೀನು, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ತಜಂಕು ಸೊಪ್ಪು, ಕೆಸುವಿನ ಪತ್ರೊಡೆಗಳಿಂದ ಮಳೆಗಾಲದ ಆಟಿ ತಿಂಗಳ ಅಭಾವವನ್ನು ದಾಟುತ್ತಿದ್ದ ಜನರ ಮೊಮ್ಮಕ್ಕಳು ಈಗ 'ಆಟಿಡೊಂಜಿ ದಿನ'ವೆಂದು ಸಭಾಭವನಗಳಲ್ಲಿ ಸೇರಿ ಅವನ್ನೇ ಉಣ್ಣುತ್ತಾರೆ. ಇದನ್ನು ಗೇಲಿ ಮಾಡುವವರ ಗುಂಪಿಗೆ ನಾನು ಸೇರಿದವನಲ್ಲ. ಎಲೆಯ ಹೆಸರನ್ನಾದರೂ ಮಕ್ಕಳು ಕಲಿಯುವರಲ್ಲ! ಕೆಲವು ವರ್ಷಗಳ ಹಿಂದೆ ಕಾಸರಗೋಡಿನ ಜಿಲ್ಲಾಡಳಿತವು 'ತಡೆಯಣ ಉತ್ಸವ'ವೆಂಬ ಹೆಸರಿನಲ್ಲಿ ಊರವರನ್ನೂ ವಿದ್ಯಾರ್ಥಿಗಳನ್ನೂ ಕೂಡಿಸಿ ತಾತ್ಕಾಲಿಕ ಕಟ್ಟಗಳನ್ನು ಮತ್ತೆ ಕಟ್ಟಿಸಿತು. ಆಟಿಯ ಊಟಕ್ಕಿಂತ ಇದು ಹೆಚ್ಚಿನ ಕೆಲಸವೆಂದು ನನ್ನ ಅಭಿಪ್ರಾಯ.

ಆದರೆ ಕಟ್ಟುವ ಉತ್ಸವವಿದ್ದಂತೆ ಬಿಚ್ಚುವ ಉತ್ಸವವೂ ಬೇಕು. ಕೇರಳದ 2010ರ ಒಳನಾಡು ಮೀನುಗಾರಿಕೆ ಕಾಯಿದೆಯು ಸಂತಾನೋತ್ಪತ್ತಿಗಾಗಿ ಏರುವ ಮೀನಿನ ದಾರಿಯನ್ನು ತಡೆಯಕೂಡದೆನ್ನುತ್ತದೆ. ಹೊಳೆಗಳ ಉದ್ದಕ್ಕೂ ಈಗ ಎದ್ದಿರುವ ಕಾಂಕ್ರೀಟಿನ ಕಿಂಡಿ ಅಣೆಕಟ್ಟುಗಳ ಹಲಗೆಗಳನ್ನು ಮಳೆಗೆ ಮುನ್ನ ತೆಗೆಯದೆ ಬಿಟ್ಟರೆ, ಬಲೆಯೇ ಇಲ್ಲದೆ ಆ ದಾರಿ ಮುಚ್ಚಿಹೋಗುತ್ತದೆ. ಪುತ್ತಿಗೆಯ ಗ್ರಾಮಸಭೆಯು ಇದಕ್ಕೊಂದು ದಿನವನ್ನು ಗೊತ್ತುಮಾಡಲಿ. ಪತ್ತನಾಜೆಯೇ ಇರುವಾಗ ಹೊಸ ದಿನವನ್ನು ಹುಡುಕಬೇಕಾಗಿಲ್ಲ. ಅಂದು ಊರವರು ಹೊಳೆಗಿಳಿದು ಕಿಂಡಿಗಳ ಹಲಗೆಗಳನ್ನೆಲ್ಲ ಎತ್ತಿ ದಡದಲ್ಲಿ ಪೇರಿಸಿಡಲಿ.